ಕಾರೆಯೋ, ಮಂಗಾರೆಯೋ: ಬದುವಿನಿಂದ ತಂದ ಬೊಡ್ಡೆಯ ಗುರುತು ಹಿಡಿಯಲು ಹಿಡಿದ ನಾಲ್ಕು ದಾರಿಗಳು

2021ರ ಮೇ ತಿಂಗಳ ಕೊನೆಯ ವಾರ, ಪಾವಗಡ ತಾಲ್ಲೂಕಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ತಮ್ಮ ಎರಡು ಹೊಲಗಳ ನಡುವಿನ ಹಳೆಯ ಬದುವನ್ನು ಜೆಸಿಬಿಯಿಂದ ತೆಗೆಸುತ್ತಿದ್ದರು. ಕಿತ್ತು ಬಿದ್ದ ಮುಳ್ಳುಕಂಟಿಗಳ ರಾಶಿಯಲ್ಲಿ ಒಂದು ಬೊಡ್ಡೆ ನನ್ನ ಕಣ್ಣಿಗೆ ಬಿತ್ತು. ಎತ್ತರ ಮೊಣಕಾಲಿಗಿಂತ ಕಡಿಮೆ, ಬುಡ ಮಾತ್ರ ತೊಡೆಯಷ್ಟು ದಪ್ಪ. ಎಷ್ಟೋ ವರ್ಷ ಮೇಕೆ ಮೇದು, ಸೌದೆಗೆ ಕಡಿದು, ಮತ್ತೆ ಚಿಗುರಿ, ಮತ್ತೆ ಕಡಿಸಿಕೊಂಡು ಅದಕ್ಕೊಂದು ತಿರುವು ಬಂದಿತ್ತು. ಕುಂಡದಲ್ಲಿ ಬೆಳೆಸಿದ ಗಿಡಕ್ಕೆ ಇಪ್ಪತ್ತು ವರ್ಷ ತಂತಿ ಸುತ್ತಿದರೂ ಅಂಥ ತಿರುವು ಬರುವುದಿಲ್ಲ. ಜಪಾನಿನ ಬೋನ್ಸಾಯ್ ಬೆಳೆಗಾರರು ಯಮಾದೊರಿ ಎಂದು ಕರೆಯುವುದು, ಹೀಗೆ ನಿಸರ್ಗವೇ ಕುಗ್ಗಿಸಿ ಬೆಳೆಸಿದ ಗಿಡಗಳನ್ನು ಬೆಟ್ಟದಿಂದ ತಂದು ಪಳಗಿಸುವುದನ್ನೇ. ಮೀಸಲು ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ, ಒಪ್ಪಿಗೆ ಕೊಡುವ ಹೊಲದೊಡೆಯರ ಬದುಗಳೇ ನಮ್ಮಂಥವರಿಗೆ ಉಳಿದಿರುವ ಬೆಟ್ಟ.

ಬೊಡ್ಡೆಯಲ್ಲಿ ಎಲೆ ಒಂದೂ ಉಳಿದಿರಲಿಲ್ಲ, ಮುಳ್ಳುಗಳೆಲ್ಲ ಮುರಿದಿದ್ದವು. ದಪ್ಪ ಮರಳು ಮತ್ತು ಒಡೆದ ಇಟ್ಟಿಗೆ ಚೂರು ತುಂಬಿದ ಹಲಗೆಪೆಟ್ಟಿಗೆಯಲ್ಲಿ ನೆಟ್ಟು ನೆರಳಿನಲ್ಲಿಟ್ಟೆ. ಜುಲೈ ಮಧ್ಯದಲ್ಲಿ ತೊಗಟೆ ಸೀಳಿಕೊಂಡು ಹಸಿರು ಚುಕ್ಕೆಗಳು ಮೂಡಿದವು. ಗಿಡ ಬದುಕಿತು ಎಂಬ ಸಮಾಧಾನದ ಹಿಂದೆಯೇ ಇದು ಯಾವ ಗಿಡ ಎಂಬ ಪ್ರಶ್ನೆ ಬಂದಿತು. ಬೋನ್ಸಾಯ್ ಮಾಡುವವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಬೇರು ಯಾವಾಗ ಕತ್ತರಿಸಬೇಕು, ಬೇಸಿಗೆಯಲ್ಲಿ ಎಲೆ ಉದುರಿದರೆ ಗಾಬರಿಯಾಗಬೇಕೇ ಬೇಡವೇ, ಹೂವು ಯಾವ ಕೊಂಬೆಯಲ್ಲಿ ಬರುತ್ತದೆ, ಯಾವ ತುದಿ ಚಿವುಟಿದರೆ ಹೂವು ತಪ್ಪುತ್ತದೆ ಎಂಬುದೆಲ್ಲ ಹೆಸರು ತಿಳಿದ ಮೇಲೆಯೇ ಗೊತ್ತಾಗುವ ಸಂಗತಿಗಳು. ಎರಡು ವರ್ಷಗಳಲ್ಲಿ ನಾನು ನಾಲ್ಕು ದಾರಿಗಳನ್ನು ಹಿಡಿದು ನೋಡಿದೆ. ಮೊದಲನೆಯದು ಮೊಬೈಲ್ ಆ್ಯಪ್, ಎರಡನೆಯದು ಊರಿನ ಮೇಕೆ ಕಾಯುವವರು, ಮೂರನೆಯದು ಒಂದೊಂದೇ ಲಕ್ಷಣ ಕೇಳುತ್ತ ಮೆಟ್ಟಿಲುಮೆಟ್ಟಿಲಾಗಿ ಹೆಸರಿನತ್ತ ಒಯ್ಯುವ ಸಸ್ಯಶಾಸ್ತ್ರದ ಗುರುತುಕೀಲಿ, ನಾಲ್ಕನೆಯದು ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿಟ್ಟ ಒಣಸಸ್ಯ ಸಂಗ್ರಹದ ಚಿತ್ರಗಳು.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎರಡನ್ನು ಬಳಸಿದೆ, ಎರಡೂ ಉಚಿತ, ಉತ್ತರ ಬರಲು ಹತ್ತು ಸೆಕೆಂಡು ಸಾಕು. ಒಂದು ದಾಳಿಂಬೆ ಎಂದಿತು, ಇನ್ನೊಂದು ಕವಳೆ ಎಂದಿತು. ಯಂತ್ರವನ್ನು ಪೂರ್ತಿ ದೂರುವುದೂ ನ್ಯಾಯವಲ್ಲ, ಏಕೆಂದರೆ ನಾನು ತೋರಿಸಿದ್ದು ಬೊಡ್ಡೆಯಿಂದ ಹೊಸದಾಗಿ ನುಗ್ಗಿದ ಚಿಗುರುಗಳನ್ನು. ಕಡಿಸಿಕೊಂಡ ಗಿಡ ಬೇರಿನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿದು ಹೊರಡಿಸುವ ಆ ಎಲೆಗಳು, ಬಲಿತ ಗಿಡದ ಎಲೆಗಿಂತ ಎರಡು ಪಟ್ಟು ದೊಡ್ಡವೂ ತೆಳ್ಳಗಿನವೂ ಆಗಿದ್ದವು. ಮುಳ್ಳು ಇನ್ನೂ ಮೊಳೆತಿರಲಿಲ್ಲ. ಎದುರುಬದುರು ಎಲೆ, ಹೊಳಪು, ಅಂಚಿನಲ್ಲಿ ಹಲ್ಲಿಲ್ಲ, ಇಷ್ಟನ್ನೇ ನೋಡಿದರೆ ದಾಳಿಂಬೆ ಎನ್ನುವುದು ಅಸಂಬದ್ಧವೇನಲ್ಲ. ಕವಳೆಯನ್ನು ತಳ್ಳಿಹಾಕಲು ಯಂತ್ರವೇ ಬೇಕಿರಲಿಲ್ಲ. ಕವಳೆಯ ಎಲೆ ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತದೆ, ನನ್ನ ಗಿಡದ ತೊಟ್ಟು ಒಣಗಿಯೇ ಇತ್ತು. ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಅದು ತೊಟ್ಟು ಮುರಿದು ನೋಡಲಾರದು.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಒಂದು ಚಿಗುರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮೇಕೆ ಕಾಯುವ ಹಿರಿಯರೊಬ್ಬರು ಎಲೆಯನ್ನು ಒಮ್ಮೆ ತಿರುಗಿಸಿ ನೋಡಿ, ಬೊಡ್ಡೆ ಯಾವ ಬದುವಿನದು ಎಂದು ಕೇಳಿ, "ಕಾರೆ" ಎಂದರು. ನನಗೆ ಅಷ್ಟೇ ಸಾಕಾಯಿತು. ಕಾರೆ ಹಣ್ಣನ್ನು ಬಾಲ್ಯದಲ್ಲಿ ಜೇಬು ತುಂಬ ತುಂಬಿಕೊಂಡು ತಿಂದವನು ನಾನು. ಕಡಲೆಕಾಳಿಗಿಂತ ತುಸು ದೊಡ್ಡದಾದ, ನಡುವೆ ಗೆರೆ ಬಿದ್ದ, ಒಳಗೆ ಎರಡು ಗೊರಟೆಯಿರುವ ಹಳದಿ ಹಣ್ಣು ಕಣ್ಣ ಮುಂದೆ ಬಂದಿತು. ಕಾರೆಯ ಶಾಸ್ತ್ರೀಯ ಹೆಸರಾದ ಕಾಂಥಿಯಂ ಕೊರೊಮಂಡೆಲಿಕಮ್ ಎಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿ, ಒಂದು ವರ್ಷ ಅದೇ ನಂಬಿಕೆಯಲ್ಲಿ ಗಿಡ ನೋಡಿಕೊಂಡೆ.

ಆ ನಂಬಿಕೆ ಮೊದಲು ಅಲುಗಿದ್ದು ಗುರುತುಕೀಲಿ ಹಿಡಿದು ಕೂತಾಗ. ನಾನು ಬಳಸಿದ್ದು 1915ರಿಂದ 1936ರವರೆಗೆ ಭಾಗಭಾಗವಾಗಿ ಹೊರಬಂದ, ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟ. ಪಾವಗಡ ಮೈಸೂರು ಸಂಸ್ಥಾನದಲ್ಲಿದ್ದರೂ ಅದರ ಸುತ್ತಲಿನ ಅನಂತಪುರ ಜಿಲ್ಲೆ ಆ ಪ್ರಾಂತ್ಯಕ್ಕೆ ಸೇರಿತ್ತು, ಮುಳ್ಳುಕಂಟಿಗಳಿಗೆ ಗಡಿಯ ಹಂಗಿಲ್ಲ. ಕಷ್ಟ ಎದುರಾದದ್ದು ಹೆಸರುಗಳಲ್ಲಿ. ಇಂದಿನ ಕಾಂಥಿಯಂ ಅಲ್ಲಿ ಪ್ಲೆಕ್ಟ್ರೋನಿಯ, ಅದನ್ನೇ ಹೋಲುವ ಇನ್ನೊಂದು ಮುಳ್ಳುಕಂಟಿಯಾದ ಇಂದಿನ ಕಾಟುನಾರೆಗಮ್ ಅಲ್ಲಿ ರಾಂಡಿಯ. ಹಳೆಯ ಹೆಸರನ್ನು ಹೊಸ ಹೆಸರಿಗೆ ಹೊಂದಿಸುವುದರಲ್ಲೇ ಒಂದು ಭಾನುವಾರ ಕಳೆಯಿತು. ಕುಟುಂಬ ಮಾತ್ರ ಸುಲಭವಾಗಿ ಸಿಕ್ಕಿತು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಚಿಗುರನ್ನು ಹತ್ತಿರ ತಂದರೆ, ಎದುರುಬದುರಾದ ಎರಡು ಎಲೆತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿಕೊಂಡಂತೆ, ಅಕ್ಕಿಕಾಳಿನ ತುದಿಯಷ್ಟು ಚಿಕ್ಕ ಮುಕ್ಕೋನದ ಪೊರೆ ಕಾಣುತ್ತದೆ. ಅದು ವೃಂತಪತ್ರ, ಕಾಫಿಯ ಕುಟುಂಬದ ಗುರುತು. ಕಾಫಿ ಗಿಡದ ರೆಂಬೆಯಲ್ಲೂ ಇದನ್ನೇ ನೋಡಬಹುದು. ದಾಳಿಂಬೆಯಲ್ಲಿ ಇದಿಲ್ಲ, ಕವಳೆಯಲ್ಲೂ ಇಲ್ಲ. ಎರಡು ಆ್ಯಪ್‌ಗಳ ಉತ್ತರವನ್ನೂ ಒಂದು ಪೊರೆ ಅಳಿಸಿಹಾಕಿತು.

ಅಲ್ಲಿಂದ ಮುಂದೆ ಕೀಲಿ ನಿಂತುಹೋಯಿತು. ಕಾಫಿ ಕುಟುಂಬದ ಕೀಲಿ ಮೊದಲ ಮೆಟ್ಟಿಲಿನಲ್ಲೇ ಹೂವಿನ ಅಂಡಾಶಯದ ಪ್ರತಿ ಕೋಣೆಯಲ್ಲಿ ಮುಂದೆ ಬೀಜವಾಗುವ ಕಣ, ಅಂದರೆ ಅಂಡಕ, ಒಂದಿದೆಯೋ ಹಲವು ಅಂಡಕಗಳಿವೆಯೋ ಎಂದು ಕೇಳುತ್ತದೆ. ಹೂವೇ ಇಲ್ಲದ ಗಿಡದ ಮುಂದೆ ಕೂತವನು ಏನು ಉತ್ತರ ಕೊಟ್ಟಾನು? ಅದೂ ಅಲ್ಲದೆ ಹೂವು ಬರದಿದ್ದುದಕ್ಕೆ ಕಾರಣ ನನ್ನದೇ ಕತ್ತರಿ. ಕೊಂಬೆ ಒತ್ತಾಗಲಿ ಎಂದು ತುದಿಗಳನ್ನು ತಿಂಗಳಿಗೊಮ್ಮೆ ಚಿವುಟುತ್ತಿದ್ದೆ. ಬೋನ್ಸಾಯ್ ಬೆಳೆಗಾರನ ಒಳ್ಳೆಯ ಅಭ್ಯಾಸವೇ ಸಾಕ್ಷ್ಯನಾಶದ ಕೆಲಸ ಮಾಡುತ್ತಿತ್ತು. ಅಂದಿನಿಂದ ಹಿಂಬದಿಯ ಒಂದು ಕೊಂಬೆಗೆ ಕೆಂಪು ದಾರ ಕಟ್ಟಿ, ಆಕಾರ ಕೆಟ್ಟರೂ ಚಿಂತೆಯಿಲ್ಲವೆಂದು ಅದನ್ನು ಮುಟ್ಟದೆ ಬಿಟ್ಟೆ.

ಕೀಲಿಯನ್ನು ಬದಿಗಿಟ್ಟು ವಿವರಣೆಗಳನ್ನು ನೇರವಾಗಿ ಓದಿದಾಗ ಒಂದು ಸಾಲು ಕೈಗೆ ಸಿಕ್ಕಿತು. ಎರಡು ಗಿಡಗಳಲ್ಲೂ ಮುಳ್ಳುಗಳು ಜೋಡಿಯಾಗಿಯೇ ಇರುತ್ತವೆ. ಆದರೆ ಕಾಂಥಿಯಂನ ಮುಳ್ಳು ಎಲೆಯ ಕಂಕುಳಿನಿಂದ, ಅಂದರೆ ಎಲೆತೊಟ್ಟು ಕಾಂಡಕ್ಕೆ ಸೇರುವ ಮೂಲೆಯಿಂದ, ತುಸು ಮೇಲಕ್ಕೆ, ಕಾಂಡದಿಂದ ಅಡ್ಡಡ್ಡಲಾಗಿ ಹೊರಡುತ್ತದೆ; ಕಾಟುನಾರೆಗಮ್‌ನದು ಕಂಕುಳಿನಲ್ಲೇ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಮುಳ್ಳು ಬಂದಿದ್ದ ನನ್ನ ಗಿಡವನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುಳ್ಳು ಕಂಕುಳಿನಲ್ಲೇ ಇತ್ತು. ಕೆಲವು ಕಡೆ ಸ್ವಲ್ಪ ಮೇಲಿದ್ದಂತೆಯೂ ಕಂಡಿತು. ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ನಂಬಿ ಚೀಟಿ ಹರಿಯಲು ಮನಸ್ಸಾಗಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಣಸಸ್ಯ ಸಂಗ್ರಹಕ್ಕೆ ಇರುವ ಅಂತರರಾಷ್ಟ್ರೀಯ ಸಂಕೇತಾಕ್ಷರವೂ ಜೆಸಿಬಿಯೇ. ಗಿಡವನ್ನು ಕಿತ್ತದ್ದು ಒಂದು ಜೆಸಿಬಿ, ಹೆಸರು ಹುಡುಕಿಕೊಡುವುದು ಇನ್ನೊಂದು ಜೆಸಿಬಿ ಎಂದು ಮನೆಯಲ್ಲಿ ನಗೆಯಾಡಿದ್ದುಂಟು. ಅದರ ಹಾಳೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎರಡೂ ಹೆಸರಿನಡಿ ತೆಗೆದು ನೋಡಿದೆ. ಈ ದಾರಿಯಿಂದ ನನಗಾದ ಪ್ರಯೋಜನ ಒಂದೇ, ಆದರೆ ದೊಡ್ಡದು. ಒಂದೇ ಜಾತಿಯ ಎಲೆ ಎಷ್ಟು ಬಗೆಯಾಗಿ ಬದಲಾಗಬಲ್ಲದು ಎಂಬುದು ಕಣ್ಣಿಗೆ ಬಿತ್ತು, ಎಲೆಯಿಂದಲೇ ಗುರುತು ಹಿಡಿಯುವ ಆಸೆ ಅಲ್ಲಿಗೆ ಬಿಟ್ಟುಹೋಯಿತು. ಒಣಗಿ ಕಂದಾದ ಹಾಳೆಯಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ. ಇವನ್ನು ಓದಲು ಪಳಗಿದ ಕಣ್ಣು ಬೇಕು, ನನ್ನದು ಅಂಥದಲ್ಲ.

ಮತ್ತೆ ಊರಿಗೇ ಹೋದೆ, ಈ ಬಾರಿ ಚಿಗುರಿನ ಬದಲು ಬದುವಿನ ಉಳಿದ ತುದಿಯನ್ನೇ ನೋಡಲು. ಜೆಸಿಬಿ ಮುಟ್ಟದ ಹತ್ತು ಮಾರು ಬದು ಇನ್ನೂ ಉಳಿದಿತ್ತು, ಅದರಲ್ಲಿ ನನ್ನ ಬೊಡ್ಡೆಯ ಒಡಹುಟ್ಟಿದಂತಿದ್ದ ಗಿಡಗಳು ನಿಂತಿದ್ದವು. ಬಲಿತ ಕೊಂಬೆಗಳಲ್ಲಿ ಎಲೆಗಳು ಗಿಡ್ಡ ರೆಂಬೆಗಳ ತುದಿಯಲ್ಲಿ ಗೊಂಚಲಾಗಿ ಕೂತಿದ್ದವು. ಹಿಂದಿನ ಸಲ ಕಾರೆ ಎಂದ ಹಿರಿಯರು ಈ ಸಲವೂ ಕಾರೆ ಎಂದೇ ಹೇಳಿದರು. ಹಣ್ಣು ತಿನ್ನುತ್ತೀರಾ ಎಂದು ಕೇಳಿದ್ದಕ್ಕೆ ಅವರು ನಕ್ಕು, ತಿಂದರೆ ವಾಂತಿಯಾಗುತ್ತದೆ, ಕಾಯಿ ಜಜ್ಜಿ ಮಡುವಿಗೆ ಹಾಕಿದರೆ ಮೀನು ತೇಲುತ್ತದೆ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿಯ ಮನೆಮಾತು ತೆಲುಗು. "ಇದು ಬಲುಸು ಅಲ್ಲಪ್ಪ, ಮಂಗ. ಬಲುಸು ಆಗಿದ್ದರೆ ಸೊಪ್ಪು ಬಿಡ್ತಿದ್ವಾ?" ಎಂದು ಕೇಳಿದರು. ಬದುಕಿದ್ದರೆ ಬಲುಸು ಸೊಪ್ಪನ್ನಾದರೂ ತಿಂದೇವು ಎಂಬ ಗಾದೆಯೇ ತೆಲುಗಿನಲ್ಲಿದೆ. ಆ ಬಲುಸು ನಾನು ಬಾಲ್ಯದಲ್ಲಿ ತಿಂದ ಕಾರೆ. ಕನ್ನಡದಲ್ಲಿ ಕಾರೆ ಎಂಬ ಒಂದೇ ಹೆಸರು ಎರಡು ಗಿಡಗಳ ಮೇಲೂ ಓಡಾಡುತ್ತದೆ, ಬೇರ್ಪಡಿಸಬೇಕೆಂದಾಗ ಮಾತ್ರ ಎರಡನೆಯದು, ಅಂದರೆ ಕಾಟುನಾರೆಗಮ್, ಮಂಗಾರೆ ಅಥವಾ ಬನಗಾರೆಯಾಗುತ್ತದೆ. ಆಯುರ್ವೇದದವರು ವಮನಕ್ಕೆ ಬಳಸುವ ಮದನಫಲವೂ ಇದೇ. ಹಿರಿಯರು ಮೊದಲ ದಿನವೇ ಸರಿಯಾಗಿ ಹೇಳಿದ್ದರು. ನಾನು ಕೇಳಿದ್ದು ಹೆಸರನ್ನು ಮಾತ್ರ, ಕೇಳಬೇಕಾಗಿದ್ದದ್ದು ಬಳಕೆಯನ್ನು.

ಹೀಗಾಗಿ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನನ್ನನ್ನು ಕೇಳಿದರೆ, ಬೊಡ್ಡೆ ತಂದವರು ಮೊದಲು ತಂದ ಜಾಗಕ್ಕೆ ಮರಳಿ ಹೋಗಿ ಅಲ್ಲಿ ಉಳಿದ ಗಿಡಗಳ ಮುಂದೆ ಅಲ್ಲಿಯ ಜನರನ್ನು ನಿಲ್ಲಿಸಿ, ತಿನ್ನುತ್ತೀರಾ, ಮೇಕೆ ಮೇಯುತ್ತದೆಯೇ, ಸೌದೆಗೆ ಬರುತ್ತದೆಯೇ ಎಂದು ಕೇಳಬೇಕು ಎನ್ನುತ್ತೇನೆ. ಆಮೇಲೆ ಕೈಮಸೂರ. ಗುರುತುಕೀಲಿಗೆ ತಾಳ್ಮೆಯೂ ಹೂವೂ ಬೇಕು, ಎರಡೂ ಇದ್ದವರಿಗೆ ಅದರಷ್ಟು ಖಚಿತವಾದದ್ದು ಬೇರೆ ಇಲ್ಲ. ಆ್ಯಪ್‌ಗೆ ನಾನು ಕೊಡುವುದು ಕೊನೆಯ ಸ್ಥಾನ. ಬದುವಿನ ಬಲಿತ ಕೊಂಬೆಯ ಫೋಟೊ ತೋರಿಸಿದಾಗ ಎರಡನೆಯ ಆ್ಯಪ್ ಸರಿಯಾದ ಹೆಸರನ್ನು ಮೂರನೆಯ ಸಾಲಿನಲ್ಲಿ ಕೊಟ್ಟಿತು ಎಂಬುದನ್ನೂ ಹೇಳಬೇಕು, ಆದರೆ ಆ ಮೂರನೆಯ ಸಾಲೇ ಸರಿ ಎಂದು ತಿಳಿಯಲು ಉತ್ತರ ಮೊದಲೇ ಗೊತ್ತಿರಬೇಕಿತ್ತು.

2023ರ ಮೇ ತಿಂಗಳಲ್ಲಿ, ಮೊದಲ ಮಳೆಯಾದ ವಾರದಲ್ಲಿ, ಕೆಂಪು ದಾರದ ಕೊಂಬೆಯ ಒಂದು ಗಿಡ್ಡ ರೆಂಬೆಯ ತುದಿಗೆ ಎರಡು ಹೂವು ಬಂದವು. ಕಾಂಥಿಯಂ ಆಗಿದ್ದರೆ ಹಸಿರುಹಳದಿಯ ಪುಟ್ಟ ಹೂವು, ನಾಲ್ಕು ದಳ. ಇವು ಬೆರಳತುದಿಯಷ್ಟು ಅಗಲವಿದ್ದವು, ಐದು ದಳ, ಮೊದಲ ದಿನ ಬಿಳಿ, ಮರುದಿನ ಹಳದಿ, ಸಂಜೆಗೆ ತಿಳಿಯಾದ ಪರಿಮಳ. ಒಂದನ್ನು ಬ್ಲೇಡಿನಿಂದ ಅಡ್ಡ ಸೀಳಿದೆ; ಅಂಡಾಶಯದ ತುಂಬ ಸಾಸಿವೆಗಿಂತ ಚಿಕ್ಕ ಕಣಗಳು ಒತ್ತಾಗಿದ್ದವು, ಕೀಲಿಯ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇನ್ನೊಂದು ಹೂವು ಕಾಯಾಗಿ ನಿಂತು ಅಡಿಕೆ ಗಾತ್ರಕ್ಕೆ ಬೆಳೆಯಿತು, ಒಣಗಿದ ಪುಷ್ಪಪಾತ್ರೆಯನ್ನು ತಲೆಯ ಮೇಲೆ ಕಿರೀಟದಂತೆ ಹೊತ್ತಿತ್ತು. ಪೆಟ್ಟಿಗೆಯ ಚೀಟಿಯನ್ನು ಕಾಟುನಾರೆಗಮ್ ಸ್ಪೈನೋಸ ಎಂದು ತಿದ್ದಿದೆ. ಕಳೆದ ಸಲ ಊರಿಗೆ ಹೋದಾಗ ಅದೇ ಬದುವಿನಿಂದ ನಿಜವಾದ ಬಲುಸಿನ ಒಂದು ಸಣ್ಣ ಗಿಡವನ್ನೂ ತಂದು ಪಕ್ಕದಲ್ಲಿಟ್ಟಿದ್ದೇನೆ. ಎರಡನ್ನೂ ಒಟ್ಟಿಗೆ ಬಿಸಿಲಿಗೆ ಹಿಡಿದರೆ ಕಂಕುಳಿನ ಮುಳ್ಳಿಗೂ ಅದರ ಮೇಲಿನ ಮುಳ್ಳಿಗೂ ಇರುವ ಆ ಒಂದು ಮಿಲಿಮೀಟರ್ ಈಗ ನನಗೆ ಸಂದೇಹವಿಲ್ಲದೆ ಕಾಣುತ್ತದೆ.