ಐದು ಇಂಡಿ ರಾಕ್ ಆಲ್ಬಮ್‌ಗಳು: ಏನನ್ನು ಕೇಳಬೇಕು, ಯಾವ ಮುದ್ರಣ ಕೊಳ್ಳಬೇಕು

ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ ಹಾಕಿದರೆ ಹೊಸಬರು ಮೊದಲು ಕೇಳುವುದೇ ‘ಕ್ಯಾಸೆಟ್ ಎಳೀತಾ ಇದೆಯಾ?’ ಅಂತ. ಎಳೆಯುತ್ತಿರುವುದು ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಅವರ ಬಲಗೈ. ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ಇಂಡಿ ರಾಕ್‌ನಲ್ಲಿ ಕೆಟ್ಟ ರೆಕಾರ್ಡಿಂಗ್ ಅನ್ನಿಸುವ ಎಷ್ಟೋ ಸದ್ದು ಬೇಕೆಂದೇ ಉಳಿಸಿಕೊಂಡದ್ದು. ಯಾವುದು ಬೇಕೆಂದು ಬಿಟ್ಟದ್ದು, ಯಾವುದು ನಿಮ್ಮ ಫೋನು ಅಥವಾ ಪ್ಲೇಯರ್ ಕೆಡಿಸಿದ್ದು ಅಂತ ಬೇರ್ಪಡಿಸಲು ಬಂದರೆ ಈ ಐದು ಆಲ್ಬಮ್‌ಗಳು ದಕ್ಕುತ್ತವೆ. ಬಾರದಿದ್ದರೆ ಬರೀ ಗಲಾಟೆ.

‘ಲವ್‌ಲೆಸ್’ 1991ರ ನವೆಂಬರ್‌ನಲ್ಲಿ ಬ್ರಿಟನ್ನಿನ ಕ್ರಿಯೇಷನ್ ರೆಕಾರ್ಡ್ಸ್‌ನಿಂದ ಬಂತು. 11 ಹಾಡು, ಸುಮಾರು 48 ನಿಮಿಷ. ಕೆಲಸ ಶುರುವಾದದ್ದು 1989ರಲ್ಲಿ, ದಾಟಿದ ಸ್ಟುಡಿಯೊಗಳು 19. ಎರಡೂವರೆ ಲಕ್ಷ ಪೌಂಡ್ ಖರ್ಚಾಯಿತೆಂಬ ಮಾತು ಕಂಪನಿಯ ಕಡೆಯಿಂದ ಹಬ್ಬಿತು, ಶೀಲ್ಡ್ಸ್ ಅದನ್ನು ಒಪ್ಪಿಲ್ಲ. ನೂರಾರು ಗಿಟಾರ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ ಎನ್ನುವುದೂ ಅಂಥದ್ದೇ ಮಾತು. ಪದರಗಳು ಕಡಿಮೆಯೇ, ಸದ್ದು ದಪ್ಪವಾಗುವುದು ಬೇರೆ ದಾರಿಯಲ್ಲಿ.

ಶೀಲ್ಡ್ಸ್ ಫೆಂಡರ್ ಜಾಝ್‌ಮಾಸ್ಟರ್ ಅಥವಾ ಜಾಗ್ವಾರ್ ಗಿಟಾರಿನ ಟ್ರೆಮೊಲೊ ಸರಳನ್ನು (ತಂತಿಗಳ ಬಿಗಿತ ಏರಿಳಿಸುವ ಕೈಪಿಡಿ) ಹಿಡಿದುಕೊಂಡೇ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳನ್ನು ಬಾರಿಸುತ್ತಾರೆ. ಕೈ ಆಡಿದಾಗೆಲ್ಲ ಸರಳೂ ಆಡುತ್ತದೆ, ಆರೂ ತಂತಿಗಳ ಶ್ರುತಿ ಒಟ್ಟಿಗೆ ಒಂದಿಷ್ಟು ಜಾರಿ ಮೇಲೇರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಅಲುಗುವ ಸ್ವರ ಹೊಸದೇನಲ್ಲ, ಆದರೆ ವೀಣೆಯಲ್ಲಿ ಶ್ರುತಿಯ ತಂತಿ ಕದಲದೆ ನಿಂತಿರುತ್ತದೆ. ಇಲ್ಲಿ ಹಿಡಿದು ನಿಲ್ಲಲು ಶ್ರುತಿಯೇ ಇಲ್ಲ, ಆದ್ದರಿಂದ ತಲೆ ಸುತ್ತಿದ ಹಾಗಾಗುತ್ತದೆ. ಇದರ ಮೇಲೆ ಯಾಮಹಾ ಎಸ್‌ಪಿಎಕ್ಸ್90, ಅಲೀಸಿಸ್ ಮಿಡಿವರ್ಬ್ 2 ಯಂತ್ರಗಳ ರಿವರ್ಸ್ ರಿವರ್ಬ್. ರಿವರ್ಬ್ ಅಂದರೆ ಸದ್ದಿನ ಹಿಂದೆ ಉಳಿಯುವ ಮೊಳಗು. ಮಾಮೂಲಿ ರಿವರ್ಬ್ ಮೀಟಿದ ನಂತರ ಮೆಲ್ಲಗೆ ಕರಗುತ್ತದೆ. ರಿವರ್ಸ್ ರಿವರ್ಬ್ ಸಣ್ಣಗೆ ಶುರುವಾಗಿ, ಉಬ್ಬಿ, ತಟಕ್ಕನೆ ನಿಲ್ಲುತ್ತದೆ. ಪಿಕ್ ತಂತಿಗೆ ತಾಗಿದ ಏಟು ಅದರೊಳಗೆ ಮುಳುಗಿಹೋಗುತ್ತದೆ.

ಗಿಟಾರ್ ಇರುವವರು ಇದನ್ನು ನಕಲು ಮಾಡಲು ಹೋಗಿ ಎಡವುವುದು ಮೂರು ಕಡೆ. ಮೊದಲನೆಯದು ಪೆಡಲ್‌ಗಳ (ಗಿಟಾರ್ ಸದ್ದು ಬದಲಿಸುವ ಪುಟ್ಟ ಪೆಟ್ಟಿಗೆಗಳ) ಸಾಲು. ಎಲ್ಲರಂತೆ ರಿವರ್ಬನ್ನು ಕೊನೆಗೆ ಇಟ್ಟರೆ ಮಸುಕು ಮಂಜಷ್ಟೇ ಬರುತ್ತದೆ. ರಿವರ್ಬ್ ಮೊದಲು ಬರಬೇಕು, ಸದ್ದನ್ನು ಒಡೆದು ಒರಟಾಗಿಸುವ ಫಝ್ ಅಥವಾ ಆಂಪ್‌ನ ಡಿಸ್ಟಾರ್ಷನ್ ಆಮೇಲೆ. ಹಾಗೆಯೇ ರಿವರ್ಬ್‌ನ ಮಿಕ್ಸ್ ಗುಂಡಿ 100ರಲ್ಲಿರಬೇಕು. ರಿವರ್ಬ್ ತಾಗದ ಒಣ ಸದ್ದು ಚೂರು ನುಸುಳಿದರೂ ಏಟು ಕೇಳಿಸಿ ಮೋಡಿ ಕೆಡುತ್ತದೆ. ಎರಡನೆಯದು ತಂತಿ. ಜಾಝ್‌ಮಾಸ್ಟರ್‌ನ ಬ್ರಿಜ್ (ತಂತಿಗಳು ಕೂರುವ ಸೇತುವೆ) ಮೇಲೆ ತಂತಿಯ ಒತ್ತಡ ಕಡಿಮೆ. 9 ಅಥವಾ 10ರ ಸೆಟ್ (ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿ ಜೋರಾಗಿ ಬಾರಿಸಿದರೆ ತಂತಿ ತನ್ನ ಕಚ್ಚಿನಿಂದ ಹೊರಗೆ ಹಾರುತ್ತದೆ, 11ರಿಂದ ಮೇಲಿನದ್ದು ಹಾಕಿ. ಮೂರನೆಯದು ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಗಿಟಾರ್. ಅದರ ಸರಳಿನಲ್ಲಿ ಅದೇ ಒತ್ತಡಕ್ಕೆ ಶ್ರುತಿ ಬಹಳ ದೂರ ಜಾರುತ್ತದೆ, ಜೊತೆಗೆ ನಟ್‌ನ (ಕತ್ತಿನ ತುದಿಯ ಪಟ್ಟಿಯ) ಕಚ್ಚಿನಲ್ಲಿ ತಂತಿ ಸಿಕ್ಕಿಕೊಂಡು ವಾಪಸು ಬರುವುದಿಲ್ಲ. ಕಚ್ಚಿಗೆ ಪೆನ್ಸಿಲ್ ಸೀಸದ ಪುಡಿ ತುಂಬಿದರೆ ಅರ್ಧ ತೊಂದರೆ ಹೋಗುತ್ತದೆ.

ಶುರುವಿಗೆ ‘ವೆನ್ ಯು ಸ್ಲೀಪ್’ ಸಾಕು. ರಾಗ ಸುಲಭ, ನೆನಪಿನಲ್ಲಿ ಉಳಿಯುತ್ತದೆ. ‘ಸಮ್‌ಟೈಮ್ಸ್’ನಲ್ಲಿ ಡ್ರಮ್ಸ್ ಹೆಚ್ಚುಕಡಿಮೆ ಇಲ್ಲ, ಗುಂಯ್‌ಗುಡುವ ಗಿಟಾರಿನ ಅಡಿಯಲ್ಲಿ ದನಿ ಹೂತುಕೊಂಡಿದೆ. ಸಾಹಿತ್ಯ ಕೇಳಿಸುತ್ತಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ, ಹಾಡುವ ದನಿಯನ್ನು ಇಲ್ಲಿ ಇನ್ನೊಂದು ವಾದ್ಯದಂತೆ ಹಿಂದಕ್ಕೆ ತಳ್ಳಿದ್ದಾರೆ. ಕೊನೆಯ ‘ಸೂನ್’ ಏಳು ನಿಮಿಷದ ಕುಣಿತ. ಡ್ರಮ್ಸ್ ಬಹುಪಾಲು ತಂಡದ ಡ್ರಮ್ಮರ್ ಕಾಲಮ್ ಓ ಕೀಸೋಗ್ ಬಾರಿಸಿದ ತುಣುಕುಗಳನ್ನು ಸ್ಯಾಂಪಲ್ ಮಾಡಿ ಜೋಡಿಸಿದ್ದು, ಕೆಲವೆಡೆ ಯಂತ್ರದಂತೆ ಕೇಳುವುದು ಅದರಿಂದಲೇ. ನನ್ನ ಮಟ್ಟಿಗೆ ‘ಕಮ್ ಇನ್ ಅಲೋನ್’ ಹೊತ್ತಿಗೆ ಕಿವಿ ದಣಿದಿರುತ್ತದೆ. ಅಲ್ಲಿ ಎದ್ದು ನೀರು ಕುಡಿದು ಬಂದರೆ ನಷ್ಟವಿಲ್ಲ.

ಮುದ್ರಣದ ವಿಷಯದಲ್ಲಿ ಎಚ್ಚರ ಬೇಕು. 2012ರ ಎರಡು ಸಿಡಿಗಳ ಆವೃತ್ತಿಯಲ್ಲಿ ಒಂದು ಮೂಲ ಡಿಜಿಟಲ್ ಟೇಪಿನಿಂದ, ಇನ್ನೊಂದು ಅರ್ಧ ಇಂಚಿನ ಅನಲಾಗ್ ಟೇಪಿನಿಂದ. ಎರಡರ ಹೆಸರು ಅದಲುಬದಲಾಗಿ ಅಚ್ಚಾಗಿ, ‘ವಾಟ್ ಯು ವಾಂಟ್’ ಹಾಡಿನ ನಡುವೆ ಟಿಕ್ ಎನ್ನುವ ಡಿಜಿಟಲ್ ದೋಷವೂ ಸೇರಿಕೊಂಡಿತ್ತು. ಎಲ್‌ಪಿ (ವಿನೈಲ್ ತಟ್ಟೆ) ಬೇಕಾದರೆ 2018ರ ಪೂರ್ತಿ ಅನಲಾಗ್ ಮುದ್ರಣ ಅಥವಾ 2021ರಲ್ಲಿ ಡೊಮಿನೊ ಕಂಪನಿ ತಂದದ್ದನ್ನು ನೋಡಿ. ‘ಸೂನ್’ ತಟ್ಟೆಯ ಒಳಸುತ್ತಿನಲ್ಲಿ ಬರುವುದರಿಂದ ಸೂಜಿಯ ಕೋನ ಸರಿಯಿಲ್ಲದಿದ್ದರೆ ಅಲ್ಲಿ ಕರಕರ ಎನ್ನುತ್ತದೆ. ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಆದರೆ ಸೂಜಿಯ ಭಾರ 2 ಗ್ರಾಂ ಇಡಿ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ನಲ್ಲಿ ಭಾರ ಇದರ ಎರಡು ಪಟ್ಟಿಗಿಂತ ಹೆಚ್ಚಿರುವುದು ಸಾಮಾನ್ಯ. ಅದರಲ್ಲಿ ಈ ತಟ್ಟೆ ಹಾಕಿ ಹಾಳುಮಾಡಬೇಡಿ.

ಫೋನಿನಲ್ಲಿ ಕೇಳುವವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಸ್ಪಾಟಿಫೈನಲ್ಲಿ ‘ನಾರ್ಮಲ್’ ಗುಣಮಟ್ಟ ಅಂದರೆ 96 ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ), ‘ವೆರಿ ಹೈ’ ಅಂದರೆ 320. ದಟ್ಟವಾದ ಗಿಟಾರ್ ಸದ್ದನ್ನು ಹಿಂಡಿ ಸಣ್ಣದು ಮಾಡುವುದು ಕಷ್ಟ. 96ರಲ್ಲಿ ‘ಲವ್‌ಲೆಸ್’ನ ತುದಿಸ್ವರಗಳು ನೀರಿನಲ್ಲಿ ಕಲಸಿದಂತಾಗುತ್ತವೆ, ಅದು ಶೀಲ್ಡ್ಸ್ ಮಾಡಿದ್ದಲ್ಲ. ಒಂದು ಹಾಡನ್ನು ಇನ್ನೊಂದರಲ್ಲಿ ಕರಗಿಸುವ ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ, ನಡುವೆ ಬಿಡುವಿಲ್ಲದೆ ಹಾಡಿಸುವ ಗ್ಯಾಪ್‌ಲೆಸ್ ಆನ್ ಮಾಡಿ. ಹೀಗೆ ಮಾಡದಿದ್ದರೆ ಹಾಡು ಹಾಡಿನ ನಡುವೆ ಬರುವ ಪುಟ್ಟ ತುಣುಕುಗಳು ಕತ್ತರಿಸಿಹೋಗುತ್ತವೆ. ವಾಲ್ಯೂಮ್ ಲೆವೆಲ್ ‘ಲೌಡ್’ನಲ್ಲಿ ಇರಬಾರದು, ಅಲ್ಲಿ ಜೋರಿನ ಸದ್ದನ್ನು ಅದುಮುವ ಲಿಮಿಟರ್ ಕೆಲಸ ಮಾಡುತ್ತದೆ. ಫೋನು ಕಂಪನಿಯವರು ತುಂಬಿಸಿದ ಬಾಸ್ ಬೂಸ್ಟ್, ಥ್ರೀಡಿ ಸೌಂಡ್ ಎಲ್ಲವನ್ನೂ ಆಫ್ ಮಾಡಿ.

ಅಮೆರಿಕನ್ ಫುಟ್‌ಬಾಲ್ ತಂಡದ ಮೊದಲ ಆಲ್ಬಮ್ (1999, ಪಾಲಿವಿನೈಲ್ ಕಂಪನಿ) ‘ಲವ್‌ಲೆಸ್’ಗೆ ತದ್ವಿರುದ್ಧ. ಹೆಸರೂ ತಂಡದ್ದೇ. ಇಲ್ಲಿ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಡಿಸ್ಟಾರ್ಷನ್ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಓದುತ್ತಿದ್ದ ಮೂವರು ಕೆಲವೇ ದಿನಗಳಲ್ಲಿ ರೆಕಾರ್ಡ್ ಮಾಡಿ, ಡಿಗ್ರಿ ಮುಗಿಸಿ ಚದುರಿಹೋದರು. ಆಲ್ಬಮ್ ಕೇಳುಗರಿಂದ ಕೇಳುಗರಿಗೆ ದಾಟುತ್ತ ಬೆಳೆಯಿತು, 2014ರಲ್ಲಿ ತಂಡ ಮತ್ತೆ ಕೂಡಿತು. ಮುಖಪುಟದ ಮನೆ ಎಷ್ಟು ಹೆಸರಾಯಿತೆಂದರೆ 2023ರಲ್ಲಿ ತಂಡ, ಪಾಲಿವಿನೈಲ್ ಮತ್ತು ಇನ್ನು ಕೆಲವರು ಸೇರಿ ಅದನ್ನು ಕೊಂಡೇಬಿಟ್ಟರು.

ಮೊದಲ ಹಾಡು ‘ನೆವರ್ ಮೆಂಟ್’ ಅನ್ನು ಸಾಮಾನ್ಯ ಟ್ಯೂನಿಂಗ್‌ನಲ್ಲಿ ಬಾರಿಸಲು ಹೋದರೆ ಬೆರಳು ಮುರಿದರೂ ಬರದು. ತಂತಿಗಳು ದಪ್ಪದಿಂದ ತೆಳುವಿನ ಕಡೆಗೆ ಎಫ್, ಎ, ಸಿ, ಜಿ, ಸಿ, ಇ. ಅಂದರೆ ಆರನೆಯ ತಂತಿಯನ್ನು ಅರ್ಧ ಸ್ವರ ಏರಿಸಿ, ನಾಲ್ಕನೆಯದನ್ನು ಒಂದು ಪೂರ್ತಿ ಸ್ವರ ಇಳಿಸಿ, ಎರಡನೆಯದನ್ನು ಅರ್ಧ ಸ್ವರ ಏರಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಯಾವ ಬೆರಳೂ ಇಡದೆ ಗೀರಿದರೆ ಎಫ್ ಮೇಜರ್ ನೈಂತ್ ಕಾರ್ಡ್ ಬರುತ್ತದೆ. ತೀರಾ ಸಂತೋಷವೂ ಅಲ್ಲದ, ದುಃಖವೂ ಅಲ್ಲದ ಆ ಬಣ್ಣವೇ ಇಡೀ ಆಲ್ಬಮ್‌ನ ಬಣ್ಣ. ಬೆರಳು ಎಲ್ಲಿ ಓಡಾಡಿದರೂ ಬಿಟ್ಟ ತಂತಿಗಳು ಹಿಂದೆ ಮೊಳಗುತ್ತಲೇ ಇರುತ್ತವೆ.

ತಂತಿ ಕಡಿಯುತ್ತದೆಂಬ ಹೆದರಿಕೆ ಬೇಡ. ಅರ್ಧ ಸ್ವರ ಏರಿದರೆ ಬಿಗಿತ ಸುಮಾರು 12 ಶೇಕಡಾ ಹೆಚ್ಚುತ್ತದೆ, ಒಂದು ಸ್ವರ ಇಳಿದರೆ ಸುಮಾರು 21 ಶೇಕಡಾ ತಗ್ಗುತ್ತದೆ. ಎರಡು ಏರಿಕೆ, ಒಂದು ಇಳಿಕೆ ಸೇರಿ ಕತ್ತಿನ ಮೇಲಿನ ಒಟ್ಟು ಎಳೆತ ಹೆಚ್ಚುಕಡಿಮೆ ಮೊದಲಿನಷ್ಟೇ, ಕತ್ತಿನ ಬಾಗು ಸರಿಪಡಿಸುವ ಟ್ರಸ್ ರಾಡ್ ತಿರುಗಿಸುವ ಅಗತ್ಯ ಬೀಳದು. ತೊಂದರೆ ಕೊಡುವುದು ಸಡಿಲಾಗುವ ನಾಲ್ಕನೆಯ ತಂತಿ. 10ರ ಸೆಟ್‌ನಲ್ಲಿ ಅದು 26ರದ್ದು, ಜೋರಾಗಿ ಮೀಟಿದರೆ ಫ್ರೆಟ್‌ಗೆ ಬಡಿದು ಝರ್ ಎನ್ನುತ್ತದೆ. ಅದೊಂದನ್ನು 28ಕ್ಕೆ ಬದಲಾಯಿಸಿ. ಟ್ರೆಮೊಲೊ ಸರಳಿನೊಂದಿಗೆ ಅಲುಗುವ ತೇಲುವ ಬ್ರಿಜ್ ಇದ್ದರೆ ಒಂದು ತಂತಿ ಸರಿಮಾಡುವಾಗ ಇನ್ನೊಂದು ಕದಲುತ್ತದೆ, ಎರಡು ಮೂರು ಸುತ್ತು ಹಾಕಲೇಬೇಕು.

‘ಸ್ಟೇ ಹೋಮ್’ ಎಂಟು ನಿಮಿಷ ಮೀರಿದ ಹಾಡು, ದನಿ ಬರುವುದು ಬಹಳ ತಡವಾಗಿ. ಆಟೊದಲ್ಲಿ ಕೂತು ಕೇಳುವುದಲ್ಲ. ಡ್ರಮ್ಸ್ ಬಾರಿಸುವ ಸ್ಟೀವ್ ಲಾಮೋಸ್ ಅವರೇ ಟ್ರಂಪೆಟ್ಟನ್ನೂ ಊದುತ್ತಾರೆ, ‘ದ ಸಮ್ಮರ್ ಎಂಡ್ಸ್’ನಲ್ಲಿ ಅದು ಹಾಡುಗಾರಿಕೆಗಿಂತ ಚೆನ್ನಾಗಿದೆ. ಗಾಯಕ ಮೈಕ್ ಕಿನ್ಸೆಲ್ಲಾ ಅವರ ಗಾಯನ ಈ ಆಲ್ಬಮ್‌ನ ದುರ್ಬಲ ಭಾಗ. ಸಾಹಿತ್ಯ ಪ್ರೇಮವಿರಹದ ಡೈರಿಯಿಂದ ಮುಂದೆ ಹೋಗುವುದಿಲ್ಲ.

ಗೈಡೆಡ್ ಬೈ ವಾಯ್ಸಸ್ ತಂಡದ ‘ಬೀ ಥೌಸಂಡ್’ (1994) ಓಹಾಯೋದ ಡೇಟನ್ ಊರಿನದು. ತಂಡದ ಮುಖ್ಯಸ್ಥ ರಾಬರ್ಟ್ ಪೊಲಾರ್ಡ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 36 ನಿಮಿಷಕ್ಕೆ 20 ಹಾಡು, ಬಹುಪಾಲು ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದದ್ದು. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ, ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ವಾದ್ಯಕ್ಕೆ ಸಿಗುವುದು ಕೂದಲೆಳೆ ಜಾಗ. ಮೂರು ಟ್ರ್ಯಾಕ್ ತುಂಬಿದ ಮೇಲೆ ನಾಲ್ಕನೆಯದಕ್ಕೆ ಒಟ್ಟುಗೂಡಿಸಿದರೆ ಮೂರರ ಹಿಸ್ಸೂ (ಟೇಪಿನ ಸುಯ್ ಸದ್ದೂ) ಜೊತೆಗೇ ಬರುತ್ತದೆ, ಮತ್ತೆ ಬಿಡಿಸಲಾಗದು. ‘ಹಾರ್ಡ್‌ಕೋರ್ ಯುಎಫ್‌ಓಸ್’ ಹಾಡಿನ ನಡುವೆ ಗಿಟಾರ್ ತಟ್ಟನೆ ಮಾಯವಾಗುತ್ತದೆ. ನಿಮ್ಮ ಇಯರ್‌ಫೋನ್ ಲೂಸ್ ಕನೆಕ್ಷನ್ ಅಲ್ಲ, ಟೇಪಿನಲ್ಲೇ ಹಾಗಿದೆ, ಹಾಗೇ ಬಿಟ್ಟಿದ್ದಾರೆ. ಒಳ್ಳೆಯ ಸ್ಪೀಕರ್‌ಗೆ ದುಡ್ಡು ಸುರಿದು ಈ ಆಲ್ಬಮ್ ಕೇಳುವುದು ವ್ಯರ್ಥ, ಹಿಸ್ ಇನ್ನಷ್ಟು ಸ್ಪಷ್ಟವಾಗುತ್ತದೆ ಅಷ್ಟೆ. ‘ಎಕೋಸ್ ಮೈರನ್’, ‘ಐ ಆ್ಯಮ್ ಎ ಸೈಂಟಿಸ್ಟ್’ ಎರಡನ್ನು ಕೇಳಿ. ಹಿಡಿಸದಿದ್ದರೆ ಉಳಿದ 18 ಹಾಡುಗಳು ನಿಮ್ಮ ಮನಸ್ಸು ಬದಲಾಯಿಸುವುದಿಲ್ಲ.

ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’ (1991, ಟಚ್ ಆ್ಯಂಡ್ ಗೋ) ಈ ಐದರಲ್ಲಿ ನನ್ನ ಆಯ್ಕೆ. ಕೆಂಟಕಿಯ ಲೂಯಿವಿಲ್‌ನ ಹುಡುಗರು 1990ರ ಆಗಸ್ಟ್‌ನಲ್ಲಿ ರೆಕಾರ್ಡಿಂಗ್ ಮಾಡಿದ ಬ್ರಯನ್ ಪಾಲ್ಸನ್ ಜೊತೆ ಷಿಕಾಗೊದಲ್ಲಿ ನಾಲ್ಕು ದಿನದಲ್ಲಿ ಮುಗಿಸಿದ ಆರು ಹಾಡು. ಆಲ್ಬಮ್ ಅಂಗಡಿಗೆ ಬರುವ ಮೊದಲೇ ತಂಡ ಒಡೆದುಹೋಗಿತ್ತು. ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು, ಅದೂ ಪಕ್ಕದವರಿಗೆ ಹೇಳುವಷ್ಟು ಮೆಲ್ಲಗೆ. ‘ಡಾನ್, ಅಮನ್’ನಲ್ಲಿ ಡ್ರಮ್ಸೂ ಇಲ್ಲ, ಬಾಸೂ ಇಲ್ಲ, ಎರಡು ಗಿಟಾರ್ ಮಾತ್ರ.

ಇದರ ಕಷ್ಟವೆಂದರೆ ಮೆಲ್ಲಗಿನ ಭಾಗಕ್ಕೂ ಜೋರಿನ ಭಾಗಕ್ಕೂ ಇರುವ ಅಂತರ. ಬಸ್ಸಿನಲ್ಲಿ ಪಿಸುಮಾತು ಕೇಳಿಸುತ್ತಿಲ್ಲ ಎಂದು ವಾಲ್ಯೂಮ್ ಏರಿಸಿಟ್ಟರೆ ಮುಂದಿನ ನಿಮಿಷದಲ್ಲಿ ಗಿಟಾರ್ ಕಿವಿಗೆ ಅಪ್ಪಳಿಸುತ್ತದೆ. ಹೀಗೆ ಮಾಡಿ: ಕೊನೆಯ ಹಾಡು ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ನ ಕೊನೆಯ ನಿಮಿಷ ಹಾಕಿ, ಕಿವಿ ತಡೆಯುವಷ್ಟಕ್ಕೆ ವಾಲ್ಯೂಮ್ ಇಟ್ಟು, ಆಮೇಲೆ ಗುಂಡಿ ಮುಟ್ಟದೆ ‘ಬ್ರೆಡ್‌ಕ್ರಂಬ್ ಟ್ರೇಲ್’ನಿಂದ ಶುರುಮಾಡಿ. ಪಿಸುಮಾತು ಆಗಲೂ ಕೇಳಿಸದಿದ್ದರೆ ಕೋಣೆಯಲ್ಲಿ ಗದ್ದಲ ಹೆಚ್ಚಿದೆ ಎಂದರ್ಥ, ಫ್ಯಾನ್ ಆರಿಸಿ. ವಿನೈಲ್‌ನಲ್ಲಿ ಕೇಳಲೆಂದೇ ಮಾಡಿದ್ದು ಎಂದು ಸಿಡಿಯ ಮೇಲೆಯೇ ಅಚ್ಚು ಹಾಕಿದ್ದರು. 2014ರಲ್ಲಿ ಬಾಬ್ ವೆಸ್ಟನ್ ರೀಮಾಸ್ಟರ್ ಮಾಡಿದ (ಮೂಲ ಟೇಪಿನ ಸದ್ದನ್ನು ಮತ್ತೆ ಹದಗೊಳಿಸಿದ) ಎಲ್‌ಪಿ ಚೆನ್ನಾಗಿದೆ. ಆದರೆ ಈ ಆಲ್ಬಮ್‌ಗೆ ಹಳೆಯ ಗೀಚುಬಿದ್ದ ತಟ್ಟೆ ಕೊಳ್ಳಬೇಡಿ, ಮೌನ ಹೆಚ್ಚಿರುವ ಕಡೆ ಚಟಪಟ ಎದ್ದು ಕೇಳುತ್ತದೆ.

ದ ಸ್ಟ್ರೋಕ್ಸ್ ತಂಡದ ‘ಈಸ್ ದಿಸ್ ಇಟ್’ (2001) ಇಂಡಿಯೋ ಅಲ್ಲವೋ ಎಂಬ ಜಗಳ ಹಳೆಯದು, ಅಮೆರಿಕದಲ್ಲಿ ಅದನ್ನು ತಂದದ್ದು ದೊಡ್ಡ ಕಂಪನಿಯಾದ ಆರ್‌ಸಿಎ. ಸದ್ದು ಮಾತ್ರ ನ್ಯೂಯಾರ್ಕ್‌ನ ಒಂದು ನೆಲಮಾಳಿಗೆಯದು. ದೊಡ್ಡ ನಿರ್ಮಾಪಕರೊಬ್ಬರ ಜೊತೆ ಮಾಡಿದ ರೆಕಾರ್ಡಿಂಗ್ ತೀರಾ ನಯವಾಯಿತೆಂದು ಬಿಟ್ಟು, ಮೊದಲಿನ ನಿರ್ಮಾಪಕ ಗಾರ್ಡನ್ ರಫಾಯೆಲ್ ಬಳಿಗೆ ಮರಳಿದರು. ಗಾಯಕ ಜೂಲಿಯನ್ ಕಾಸಾಬ್ಲಾಂಕಾಸ್ ದನಿಯನ್ನು ಅಭ್ಯಾಸಕ್ಕೆ ಬಳಸುವ ಪುಟ್ಟ ಪೀವಿ ಆಂಪ್ ಮೂಲಕ ಹಾಯಿಸಿ ಹಿಡಿದರು. ದನಿ ಟೆಲಿಫೋನಿನಲ್ಲಿ ಬಂದಂತೆ ನಡುಸ್ವರಗಳಲ್ಲೇ ಕಿಕ್ಕಿರಿದಿರುವುದರಿಂದ ಕಾರು, ಫೋನಿನ ಸ್ಪೀಕರ್, ಎಲ್ಲೂ ಕಳೆದುಹೋಗುವುದಿಲ್ಲ. ಐದರಲ್ಲಿ ಯಾವ ತಯಾರಿಯೂ ಬೇಡದ ಆಲ್ಬಮ್ ಇದೊಂದೇ. ‘ಲಾಸ್ಟ್ ನೈಟ್’ ಸವೆದುಹೋಗಿದೆ, ‘ಹಾರ್ಡ್ ಟು ಎಕ್ಸ್‌ಪ್ಲೇನ್’ ಕೇಳಿ.

ಹಳೆಯ ಸಿಡಿ ಕೊಳ್ಳುವವರಿಗೆ ಒಂದು ಮಾತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಸಿಡಿಯಿಂದ ‘ನ್ಯೂಯಾರ್ಕ್ ಸಿಟಿ ಕಾಪ್ಸ್’ ತೆಗೆದು ‘ವೆನ್ ಇಟ್ ಸ್ಟಾರ್ಟೆಡ್’ ಸೇರಿಸಿದರು. ಸೇರಿಸಿದ್ದು ಕೆಟ್ಟ ಹಾಡೇನಲ್ಲ, ಆದರೆ ತೆಗೆದದ್ದು ಆಲ್ಬಮ್‌ನ ಅತ್ಯಂತ ಬಿರುಸಿನ ಹಾಡು. ಮುಖಪುಟ ನೋಡಿ ತೀರ್ಮಾನಿಸಬೇಡಿ, ಹಿಂಬದಿಯಲ್ಲಿ 9ನೆಯ ಹಾಡು ಯಾವುದೆಂದು ನೋಡಿ ದುಡ್ಡು ಕೊಡಿ.