ಹಳೆಯ ಪಿಕಪ್‌ನ ಬ್ರೇಕಿನಿಂದ ಗಾಳಿ ತೆಗೆಯಲು ಯಾವುದು ಮೇಲು: ಪೆಡಲ್ಲೋ, ವ್ಯಾಕ್ಯೂಮ್ ಪಂಪೋ, ಒತ್ತಡದ ಡಬ್ಬಿಯೋ?

3 ಲಕ್ಷ ಕಿಲೋಮೀಟರ್ ದಾಟಿದ ನನ್ನ ಪಿಕಪ್‌ನ ಹಿಂದಿನ ವೀಲ್ ಸಿಲಿಂಡರ್ (ಚಕ್ರದ ಬಳಿ ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ಭಾಗ) ಸೋರತೊಡಗಿದಾಗ ಅದನ್ನು ಬದಲಿಸಲು ತಗುಲಿದ್ದು ಒಂದು ಗಂಟೆ. ಆ ನಂತರ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಉಳಿದ ಗಾಳಿಯನ್ನು ತೆಗೆಯಲು ತಗುಲಿದ್ದು ಸರಿಸುಮಾರು ಒಂದು ತಿಂಗಳು. ಕೊನೆಯಲ್ಲಿ ಕೊಂಡ ಒತ್ತಡದ ಡಬ್ಬಿಯನ್ನು ಮೊದಲೇ ಕೊಂಡಿದ್ದರೆ ಒಂದು ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಮತ್ತು ಮೂರು ಭಾನುವಾರಗಳು ಉಳಿಯುತ್ತಿದ್ದವು. ಆದ್ದರಿಂದ ಈ ಹೋಲಿಕೆ ನಿಷ್ಪಕ್ಷಪಾತವಾದುದೆಂದು ಹೇಳಿಕೊಳ್ಳಲಾರೆ.

ಮೊದಲು ಮಾಡಿದ್ದು ಎಲ್ಲರೂ ಬಲ್ಲ ಪೆಡಲ್ ವಿಧಾನ. ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ಟೊಳ್ಳು ತಿರುಪು) ಸಡಿಲಿಸಿ, ಪೆಡಲ್ ಮೇಲೇಳುವ ಮೊದಲೇ ಬಿಗಿಯಬೇಕು. ಖರ್ಚಿಲ್ಲ ಎಂಬುದೇ ಇದರ ಹಿರಿಮೆ. ಆದರೆ ನಿತ್ಯದ ಓಡಾಟದಲ್ಲಿ ಪೆಡಲ್ ಅರ್ಧದಷ್ಟು ಮಾತ್ರ ಇಳಿಯುವುದರಿಂದ, ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ಎಂದೂ ತಲುಪದ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು ಮತ್ತು ಜಿಗುಟು ಕೂತಿರುತ್ತದೆ. ಪೆಡಲನ್ನು ತಳದವರೆಗೆ ತುಳಿದಾಗ ರಬ್ಬರ್ ಸೀಲುಗಳು ಅದರ ಮೇಲೆ ಉಜ್ಜಿ ಹರಿಯಬಹುದು. ನನಗೆ ಆದದ್ದೂ ಅದೇ. ಎರಡೇ ದಿನಗಳಲ್ಲಿ, ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯತೊಡಗಿತು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು ತುಳಿದಿದ್ದರೆ ಸಾಕಿತ್ತೆಂದು ತಿಳಿದದ್ದು ಹೊಸ ಸಿಲಿಂಡರ್ ಕೊಂಡ ಮೇಲೆ.

ಅದನ್ನು ಜೋಡಿಸಿ, ಇನ್ನು ಯಾರನ್ನೂ ಕರೆಯುವುದು ಬೇಡವೆಂದು ಕೈಯಿಂದ ನಡೆಸುವ ವ್ಯಾಕ್ಯೂಮ್ ಪಂಪ್ ತಂದೆ. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಎಳೆದರೆ ಆಯಿಲ್ ಬರುತ್ತದೆ, ಅದರೊಂದಿಗೆ ಗುಳ್ಳೆಗಳೂ ಬರುತ್ತವೆ. ಗುಳ್ಳೆ ನಿಲ್ಲುವವರೆಗೆ ಎಳೆಯಬೇಕೆಂದು ಪಂಪಿನ ಜೊತೆಗಿದ್ದ ಚೀಟಿ ಹೇಳುತ್ತಿತ್ತು. ನನ್ನ ಗುಳ್ಳೆಗಳು ನಿಲ್ಲಲೇ ಇಲ್ಲ. ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳ ಸಾಲು ಮುಗಿಯದೆ ಬರುತ್ತಲೇ ಇತ್ತು. ಹೊಸ ಸಿಲಿಂಡರನ್ನೇ ಅನುಮಾನಿಸಿದೆ, ಪೈಪಿನ ಜೋಡಣೆಗಳನ್ನೆಲ್ಲ ಮತ್ತೆ ಬಿಗಿದೆ, ಎಲ್ಲಿಯೂ ಒಂದು ಹನಿ ಸೋರಿಕೆ ಕಾಣಲಿಲ್ಲ. ಅರ್ಧ ಲೀಟರ್ ಆಯಿಲ್ ಹೀಗೆ ಹೋಯಿತು.

ಕಾರಣ ಸರಳವಾಗಿತ್ತು. ಬಿಗಿದ ನಿಪ್ಪಲ್ ಸೋರಿಕೆಯನ್ನು ತಡೆಯುವುದು ಅದರ ಚೂಪಾದ ತುದಿಯಿಂದಲೇ ಹೊರತು ಮರೆಗಳಿಂದ, ಎಂದರೆ ತಿರುಪಿನ ಸುತ್ತು ಗೆರೆಗಳಿಂದ, ಅಲ್ಲ. ಸಡಿಲಿಸಿದೊಡನೆ ಹೊರಗಿನ ಗಾಳಿಗೆ ಮರೆಗಳ ಸಂದಿನಲ್ಲಿ ದಾರಿ ಸಿಗುತ್ತದೆ, ಪಂಪ್ ಅದನ್ನೇ ಎಳೆದು ಟ್ಯೂಬಿನಲ್ಲಿ ತೋರಿಸುತ್ತದೆ. ಎಷ್ಟೋ ಬಾರಿ ತೆರೆದು ಮುಚ್ಚಿ ಸವೆದ ಹಳೆಯ ವಾಹನದ ನಿಪ್ಪಲ್‌ಗಳಲ್ಲಿ ಈ ಕಾಟ ಹೆಚ್ಚು. ಮರೆಗಳಿಗೆ ಮಾತ್ರ, ತುದಿಗೆ ತಾಗದಂತೆ, ಟೆಫ್ಲಾನ್ ಟೇಪ್ ಸುತ್ತಿದಾಗ ಗುಳ್ಳೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಒಳಗಿನ ಗಾಳಿ ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲಾಗದ ಮೇಲೆ ಕೆಲಸ ಮುಗಿಯಿತೆಂದು ನಿರ್ಧರಿಸುವುದಾದರೂ ಹೇಗೆ? ಈ ಜಿಜ್ಞಾಸೆಯಲ್ಲಿ ಮುಳುಗಿದ್ದಾಗ ಮೇಲಿನ ಆಯಿಲ್ ಡಬ್ಬಿ ಬರಿದಾಗಿ, ಮಾಸ್ಟರ್ ಸಿಲಿಂಡರಿನೊಳಕ್ಕೆ ನಿಜವಾದ ಗಾಳಿಯೇ ಸೇರಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು.

ಮುಂದಿನ ಭಾನುವಾರ ನಿಪ್ಪಲ್ ತೆರೆದಿಟ್ಟು ಆಯಿಲ್ ತಾನಾಗಿ ತೊಟ್ಟಿಕ್ಕಲು ಬಿಟ್ಟೆ. ಹಳೆಯ ಆಯಿಲ್ ಬದಲಿಸಲು ಇದು ಸಾಕು; ಪೈಪಿನ ಎತ್ತರದ ತಿರುವಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತಳ್ಳುವಷ್ಟು ಹರಿವು ಇದಕ್ಕಿಲ್ಲ.

ಒತ್ತಡದ ಡಬ್ಬಿ ಗಿಡಗಳಿಗೆ ಔಷಧಿ ಹೊಡೆಯುವ ಪಂಪಿನ ತಮ್ಮನಂತಿದೆ. ಅದರ ಟ್ಯೂಬಿನ ತುದಿಯಲ್ಲಿರುವ ಮುಚ್ಚಳವನ್ನು ವಾಹನದ ಆಯಿಲ್ ಡಬ್ಬಿಗೆ ತಿರುಗಿಸಿ 10ರಿಂದ 15 ಪಿಎಸ್‌ಐ ಒತ್ತಡ ತುಂಬಿದರೆ, ಪ್ರತಿ ಚಕ್ರದ ನಿಪ್ಪಲ್ ತೆರೆದು ಮುಚ್ಚುವುದಷ್ಟೇ ಉಳಿದ ಕೆಲಸ. ಒತ್ತಡ ಒಳಗಿನಿಂದ ಹೊರಕ್ಕೆ ತಳ್ಳುವುದರಿಂದ ಮರೆಗಳ ಮೂಲಕ ಗಾಳಿ ನುಸುಳುವುದಿಲ್ಲ, ಕಂಡ ಗುಳ್ಳೆ ಒಳಗಿನದೇ ಆಗಿರುತ್ತದೆ. ನಾಲ್ಕು ಚಕ್ರಗಳು ನಲವತ್ತು ನಿಮಿಷಗಳಲ್ಲಿ ಮುಗಿದವು. ದೋಷವಿಲ್ಲವೆಂದಲ್ಲ: ಮುಚ್ಚಳ ಸರಿಯಾಗಿ ಕೂರದಿದ್ದರೆ ಆಯಿಲ್ ಚಿಮ್ಮಿ ಬಣ್ಣವನ್ನು ಕಿತ್ತುಹಾಕುತ್ತದೆ. ಹೀಗಾಗಿ ಮೊದಲು ಆಯಿಲ್ ಹಾಕದೆ ಬರೀ ಗಾಳಿ ತುಂಬಿ, ಒತ್ತಡ ನಿಲ್ಲುವುದೇ ಎಂದು ನೋಡುತ್ತೇನೆ.

ಯಾವ ವಿಧಾನವಾದರೂ, ವಾಹನವನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡುಗಳನ್ನು ಹಿಂದಿನ ಆಕ್ಸಲ್ ಅಡಿಯಲ್ಲೇ ಇಡುವುದು ಲೇಸು. ಹಲವು ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕನ್ನು ಹೊಂದಿಸುವ ವಾಲ್ವ್ ಇದ್ದು, ಆಕ್ಸಲ್ ಜೋತುಬಿದ್ದಾಗ ಅದು ಹೊರೆಯಿಲ್ಲವೆಂದು ಭಾವಿಸಿ ಹರಿವನ್ನು ಕುಗ್ಗಿಸುತ್ತದೆ.

ವರ್ಷಕ್ಕೊಮ್ಮೆ ಒಬ್ಬನೇ ಕೆಲಸ ಮಾಡುವ, ಹೊರೆ ಹೇರಿಕೊಂಡು ಘಟ್ಟ ಇಳಿಯುವ ನನಗೆ ಡಬ್ಬಿಯೇ ಸರಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲವಾದರೂ, ಶೇ. 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದಾದ್ದರಿಂದ ಬದಲಾವಣೆಯನ್ನು ನಾನು ಮುಂದೂಡುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಮಾತ್ರ ಈ ಕೆಲಸಕ್ಕೆ ಕೈ ಹಾಕುವವರಿಗೆ, ಜೊತೆಗೆ ತಾಳ್ಮೆಯ ಸಂಗಾತಿ ಇದ್ದರೆ, ಪೆಡಲ್ ಮತ್ತು ಮರದ ತುಂಡು ಸಾಕು. ವ್ಯಾಕ್ಯೂಮ್ ಪಂಪನ್ನು ನಾನು ಎಸೆದಿಲ್ಲ. ಹೊಸ ಆಯಿಲ್ ಹಾಕುವ ಮುನ್ನ ಮೇಲಿನ ಡಬ್ಬಿಯಲ್ಲಿರುವ ಕಪ್ಪು ಆಯಿಲನ್ನು ಹೀರಿ ತೆಗೆಯಲು ಅದು ಚೆನ್ನಾಗಿಯೇ ಇದೆ.