34 ನಂಬರ್ ಜರ್ಸಿ ಹೊಲಿಸಿದೆ, ಬಳ್ಳಾರಿ ಕೌಲ್ ಬಜಾರ್ ಪ್ರಿಂಟಿಂಗ್ ಅಂಗಡಿ ರಿವ್ಯೂ

ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯೋ ಯೂನಿಟ್‌ಗಳ ನಡುವೆ ಒಂದು ಸಣ್ಣ ಟಿ-ಶರ್ಟ್ ಪ್ರಿಂಟಿಂಗ್ ಅಂಗಡಿ ಐತೆ. ಕ್ರಿಕೆಟ್ ಟೂರ್ನಮೆಂಟ್, ಕಬಡ್ಡಿ ಟೀಮು, ಗಣೇಶ ಹಬ್ಬದ ಹುಡುಗ್ರ ಟಿ-ಶರ್ಟ್ ಎಲ್ಲಾ ಅಲ್ಲೇ ಮಾಡಿಸ್ತಾರೆ. ನಾನು ಹೋಗಿದ್ದು ಬೇರೆ ಕೆಲಸಕ್ಕೆ, ಅಮೆರಿಕದ ಫುಟ್‌ಬಾಲ್ ಆಟಗಾರ ವಾಲ್ಟರ್ ಪೇಟನ್ ಅವರ ಶಿಕಾಗೋ ಬೇರ್ಸ್ ಟೀಮಿನ ಜರ್ಸಿ, 34 ನಂಬರಿಂದು, ನನ್ನ ಅಳತೆಗೆ ಬೇಕಿತ್ತು. ಆನ್‌ಲೈನ್‌ನಲ್ಲಿ ನೋಡಿದ್ರೆ ರೇಟು ಕೈಗೆ ಎಟುಕಲ್ಲ, ಅದಕ್ಕೆ ನಮ್ಮೂರಲ್ಲೇ ಹೊಲಿಸೋಣ ಅಂತ.

ಅಂಗಡಿ ಭಾಯ್‌ಗೆ ಫೋನಲ್ಲಿ ಫೋಟೋ ತೋರಿಸಿದೆ, "ಇದು ಯಾವ ಆಟ ಸಾರ್" ಅಂದ್ರು. ಅಮೆರಿಕದ ಫುಟ್‌ಬಾಲ್ ಭಾಯ್, ಕಾಲಲ್ಲಿ ಒದೆಯೋದಲ್ಲ, ಮೊಟ್ಟೆ ಆಕಾರದ ಚೆಂಡು ಬಗಲಲ್ಲಿ ಅವುಚ್ಕೊಂಡು ಎದುರಿನವರನ್ನ ತಪ್ಪಿಸ್ಕೊಂಡು ಓಡೋದು, ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗ್ಬೇಕು, ಇಲ್ಲಾಂದ್ರೆ ಚೆಂಡು ಅವರಿಗೆ ಅಂತ ಹೇಳಿದೆ. ಹಂಗೆ ಓಡೋನೇ ರನ್ನಿಂಗ್ ಬ್ಯಾಕ್. ಅವರು ಕೈಯಲ್ಲಿದ್ದ ಕತ್ತರಿ ಪಕ್ಕಕ್ಕಿಟ್ಟು ಸ್ಟೂಲ್ ಎಳೆದು ನನಗೆ ಕೊಟ್ರು, ಕಬಡ್ಡಿ ರೈಡರ್ ಇದ್ದಂಗೆ ಅನ್ನು ಅಂದ್ರು. ನಾನು ಹೌದು ಭಾಯ್, ಆದ್ರೆ ವಾಪಸ್ ಬರೋ ಹಂಗಿಲ್ಲ, ಮುಂದಕ್ಕೇ ಹೋಗ್ಬೇಕು ಅಂದೆ. ಆಮೇಲೆ ಒಂದು ವೀಡಿಯೋ ಹಾಕಿದೆ, ಅರ್ಧ ಗಂಟೆ ಕೆಲಸ ನಿಂತೋಯ್ತು. ಗಿರಾಕಿ ಹೇಳೋದನ್ನ ಇಷ್ಟು ತಾಳ್ಮೆಯಿಂದ ಕೇಳೋ ಅಂಗಡಿ ನಾನಂತೂ ಬೇರೆ ನೋಡಿಲ್ಲ.

ಪೇಟನ್ ಬಗ್ಗೆ ಗೊತ್ತಿಲ್ದೋರಿಗೆ ಹೇಳ್ತೀನಿ. ಮಿಸಿಸಿಪಿ ರಾಜ್ಯದ ಕೊಲಂಬಿಯಾ ಅನ್ನೋ ಊರಿನವರು, ಜಾಕ್ಸನ್ ಸ್ಟೇಟ್‌ನಲ್ಲಿ ಓದಿ 1975ರಲ್ಲಿ ಶಿಕಾಗೋ ಬೇರ್ಸ್‌ಗೆ ಬಂದ್ರು, ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ನಾಲ್ಕನೆಯವರು. ಮೊದಲನೇ ಮ್ಯಾಚಲ್ಲಿ ಎಂಟು ಸಲ ಚೆಂಡು ಹಿಡ್ಕೊಂಡು ಓಡಿದ್ರು, ಸಿಕ್ಕಿದ್ದು ಸೊನ್ನೆ ಗಜ! ಅಲ್ಲಿಂದ ಶುರು ಮಾಡಿದ ಮನುಷ್ಯ 13 ಸೀಸನ್ ಆಡಿ 16,726 ಗಜ ಓಡಿ ನಿಲ್ಸಿದ್ರು. ಅಂದ್ರೆ 15 ಕಿಲೋಮೀಟರ್‌ಗೂ ಜಾಸ್ತಿ. ಸುಮ್ನೆ ರೋಡಲ್ಲಿ ಓಡೋದಾದ್ರೆ 15 ಕಿಲೋಮೀಟರ್ ಏನೂ ಅಲ್ಲ, ಆದ್ರೆ ಇವರು ಅದನ್ನ 3,838 ತುಂಡಾಗಿ ಓಡಿದಾರೆ, ಹೆಚ್ಚುಕಡಿಮೆ ಒಂದೊಂದು ತುಂಡಿನ ಕೊನೆಗೂ ದೈತ್ಯರಂಥ ಆಳುಗಳು ಬಂದು ನೆಲಕ್ಕೆ ಕೆಡವಿದಾರೆ, ಎದ್ದು ಮತ್ತೆ ಓಡಿದಾರೆ. 13 ವರ್ಷದಲ್ಲಿ ತಪ್ಪಿಸಿದ್ದು ಒಂದೇ ಒಂದು ಮ್ಯಾಚ್, ಅದೂ ಮೊದಲನೇ ವರ್ಷ.

ನನಗೆ ಇಷ್ಟವಾಗೋದು 1977ರ ನವೆಂಬರ್ 20ರ ಮ್ಯಾಚ್. ಎದುರಿಗೆ ಮಿನೆಸೋಟ ವೈಕಿಂಗ್ಸ್, ಇವರಿಗೆ ಫ್ಲೂ ಜ್ವರ. ಆ ಮೈಯಲ್ಲೇ 40 ಸಲ ಓಡಿ 275 ಗಜ ತಗೊಂಡ್ರು, ಬೇರ್ಸ್ 10-7ಕ್ಕೆ ಗೆದ್ರು. ಒಂದೇ ಮ್ಯಾಚಿನ ಆ ದಾಖಲೆ 2000ನೇ ಇಸ್ವಿ ತನಕ ಯಾರ ಕೈಯಲ್ಲೂ ಮುರಿಯೋಕಾಗ್ಲಿಲ್ಲ. ಆ ಸೀಸನ್ ಪೂರ್ತಿ 1,852 ಗಜ, ಲೀಗಿನ ಎಂವಿಪಿ, ಅಂದ್ರೆ ಆ ಸೀಸನ್ನಿನ ಅತ್ಯಮೂಲ್ಯ ಆಟಗಾರ, ಕೂಡ ಅವರೇ. 1984ರಲ್ಲಿ ಜಿಮ್ ಬ್ರೌನ್ ಆಡಿದ ಎಲ್ಲಾ ಸೀಸನ್ ಸೇರಿ ಓಡಿದ್ದ 12,312 ಗಜದ ದಾಖಲೆ ದಾಟಿದ್ರು, ಆಮೇಲೆ 2002ರಲ್ಲಿ ಎಮಿಟ್ ಸ್ಮಿತ್ ಬರೋ ತನಕ ಮೇಲಿದ್ದಿದ್ದು ಇವರೇ.

ಓಡೋ ರೀತಿನೇ ಬೇರೆ. ಮೊಣಕಾಲು ಮಡಚದೆ ಕಾಲು ನೆಟ್ಟಗೆ ಮುಂದಕ್ಕೆ ಎಸೀತಾ ಎರಡು ಹೆಜ್ಜೆ ಹಾಕ್ತಾರೆ, ಎದುರಿನೋನಿಗೆ ಯಾವ ಕಡೆ ಹೋಗ್ತಾರೆ ಗೊತ್ತಾಗಲ್ಲ, ಅಷ್ಟರಲ್ಲಿ ಒಂದು ಕೈ ಅವನ ಎದೆಗೆ ಕೊಟ್ಟು ಪಕ್ಕಕ್ಕೆ ತಳ್ಳಿ ಹೋಗಿರ್ತಾರೆ. ಲೈನ್ ಆಚೆ ಹೋಗಿ ಪೆಟ್ಟು ತಪ್ಪಿಸ್ಕೊಬಹುದು, ಬಹಳ ಜನ ಅದನ್ನೇ ಮಾಡೋದು, ಇವರು ಮಾಡ್ತಿರ್ಲಿಲ್ಲ. ತಾವೇ ಭುಜ ಕೊಟ್ಟು ಗುದ್ದಿ ಇನ್ನೊಂದು ಗಜ ತಗೊಳ್ಳೋರು. ಈ ಆಳಿಗೆ ಅಡ್ಡಹೆಸರು "ಸ್ವೀಟ್‌ನೆಸ್" ಅಂತ ನೋಡ್ರಿ. ಶಿಕಾಗೋ ಹತ್ರ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ ಒಂದು ಕಡಿದಾದ ದಿಬ್ಬ ಹುಡುಕಿಕೊಂಡು ಅದನ್ನ ಹತ್ತಿ ಇಳಿದು ಮೈ ಗಟ್ಟಿ ಮಾಡ್ಕೊತಿದ್ರು. ಇದು ಗೊತ್ತಾದ ಮೇಲೆ ನಾನೂ ಬೆಳಗ್ಗೆ ನಮ್ಮ ಕೋಟೆ ಗುಡ್ಡದ ಮೆಟ್ಲು ಓಡಿ ಹತ್ತೋಕೆ ಶುರು ಮಾಡಿದೀನಿ, ಮೂರು ತಿಂಗಳಾಯ್ತು.

ಈಗ ಜರ್ಸಿಗೆ ಬರ್ತೀನಿ. ಮಾಮೂಲಿ ಎರಡು ಥರ ಮಾಡ್ತಾರೆ, ಒಂದು ಸಬ್ಲಿಮೇಷನ್, ಬಣ್ಣ ಬಟ್ಟೆಯೊಳಗೇ ಇಳಿಯುತ್ತೆ, ಇನ್ನೊಂದು ವಿನೈಲ್ ಶೀಟ್ ಕತ್ತರಿಸಿ ಹೀಟ್ ಪ್ರೆಸ್ಸಲ್ಲಿ ಒತ್ತೋದು, ಅದು ಒಗೆದಂಗೆ ಒಗೆದಂಗೆ ಸಿಪ್ಪೆ ಏಳುತ್ತೆ. ನನಗೆ ಎರಡೂ ಬೇಡ, ನಂಬರನ್ನ ಬಟ್ಟೆಯಲ್ಲಿ ಕತ್ತರಿಸಿ ಹೊಲಿದೇ ಹಾಕ್ಬೇಕು ಅಂದೆ. ಭಾಯ್ ಪಕ್ಕದ ಜೀನ್ಸ್ ಯೂನಿಟ್‌ನಿಂದ ಒಬ್ಬ ಅಕ್ಕನ್ನ ಕರೆಸಿದ್ರು. ಆ ಅಕ್ಕ ಫೋಟೋ ದೊಡ್ಡದು ಮಾಡಿ ನೋಡಿ, ಕಿತ್ತಳೆ ಬಟ್ಟೆ ಕೆಳಗೆ, ಅದರ ಮೇಲೆ ಅರ್ಧ ಇಂಚು ಸಣ್ಣದಾಗಿ ಬಿಳಿ ಬಟ್ಟೆ, ಸುತ್ತ ಒತ್ತಾಗಿ ಜಿಗ್‌ಜಾಗ್ ಹೊಲಿಗೆ ಅಂತ ತಾನೇ ಹೇಳಿದ್ಲು. ಪ್ಯಾಂಟಿನ ಜೇಬು ಹೊಲಿದು ಹೊಲಿದು ಪಳಗಿದ ಕೈ, 3ರ ಹೊಟ್ಟೆ ತಿರುಗೋ ಕಡೆ ಒಂದು ನೆರಿಗೆ ಬಿದ್ದಿಲ್ಲ.

ತಪ್ಪು ಆಗಿದ್ದು ಬೆನ್ನ ಮೇಲಿನ ನಂಬರಲ್ಲಿ. ಬೇರ್ಸ್ ನಂಬರು ಮೂಲೆ ಇಲ್ದೆ ದುಂಡಗೆ ಇರುತ್ತೆ, ಬೇರೆ ಟೀಮಿನ ಥರ ಚೌಕ ಅಲ್ಲ. ಕಟಿಂಗ್ ಮಾಡೋ ಹುಡುಗ ಕ್ರಿಕೆಟ್ ಜರ್ಸಿ ಅಚ್ಚನ್ನೇ ಇಟ್ಟು ಚೌಕ 4 ಕತ್ತರಿಸಿಬಿಟ್ಟಿದ್ದ. ನನಗೆ ಹೊಟ್ಟೆ ಉರಿದೋಯ್ತು, ಹೇಳಿದ ದಿನಕ್ಕಿಂತ ನಾಲ್ಕು ದಿನ ಆಗ್ಲೇ ತಡ ಆಗಿತ್ತು. ಆದ್ರೆ ಭಾಯ್ ವಾದ ಮಾಡ್ಲಿಲ್ಲ, ಬಿಚ್ಚಿ ಹೊಸದಾಗಿ ಹಾಕಿಸಿದ್ರು, ಒಂದು ರೂಪಾಯಿ ಜಾಸ್ತಿ ಕೇಳ್ಲಿಲ್ಲ. ಎಡತೋಳಿನ ಮೇಲೆ ಜಿ ಎಸ್ ಎಚ್ ಅಂತ ಮೂರಕ್ಷರ ಬರ್ಬೇಕು, ಅದು ಟೀಮು ಕಟ್ಟಿದ ಜಾರ್ಜ್ ಹಾಲಸ್ ನೆನಪಿಗೆ, ಅವರು 1983ರಲ್ಲಿ ತೀರಿಕೊಂಡ ಮೇಲೆ ಹಾಕಿದ್ದು. ಅದನ್ನ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಹಾಕಿದಾರೆ. ಒಟ್ಟು 850 ರೂಪಾಯಿ ಆಯ್ತು. ಬಟ್ಟೆ ಸ್ವಲ್ಪ ದಪ್ಪ, ಎರಡು ಪದರ ನಂಬರ್ ಇರೋದ್ರಿಂದ ಎದೆ ಬೆನ್ನು ಬೆವರುತ್ತೆ, ನಮ್ಮೂರ ಏಪ್ರಿಲ್ ಮೇ ಬಿಸಿಲಿಗೆ ಹಾಕೋಕಾಗಲ್ಲ, ಬೇಕಾದೋರು ತೆಳು ಬಟ್ಟೆ ಅಂತ ಮೊದಲೇ ಹೇಳ್ರಿ.

ಇಷ್ಟು ಯಾಕೆ ಹಠ ಅಂತ ಭಾಯ್ ಕೇಳಿದ್ರು, ಇಲ್ಲೂ ಬರೀತೀನಿ. ನಮ್ಮ ಸೋದರಮಾವ ಲಿವರ್ ತೊಂದರೆಯಿಂದ ಹೋದ್ರು, ಕಸಿ ಮಾಡಿಸ್ಬೇಕು ಅಂತ ಓಡಾಡ್ತಿದ್ವಿ, ಹೊತ್ತು ಸಿಗ್ಲಿಲ್ಲ. ಆ ದಿನಗಳಲ್ಲಿ ರಾತ್ರಿ ಆಸ್ಪತ್ರೆ ಬೆಂಚ್ ಮೇಲೆ ಕೂತು ಓದ್ತಾ ಓದ್ತಾ ನನಗೆ ಸಿಕ್ಕಿದ್ದು ಪೇಟನ್ ಹೆಸರು. ಅವರಿಗೂ ಪಿತ್ತನಾಳ ಕಿರಿದಾಗಿ ಲಿವರ್ ಕೆಡೋ ಅಪರೂಪದ ಕಾಯಿಲೆ. 1999ರ ಫೆಬ್ರವರಿಯಲ್ಲಿ ಎಲ್ಲರ ಮುಂದೆ ಹೇಳ್ಕೊಂಡ್ರು, ಆಮೇಲೆ ಪಿತ್ತನಾಳದಲ್ಲೇ ಕ್ಯಾನ್ಸರ್ ಆಯ್ತು, ಕಸಿ ಮಾಡೋ ದಾರಿನೂ ಮುಚ್ಚೋಯ್ತು, ನವೆಂಬರ್ 1ಕ್ಕೆ ಹೋದ್ರು. ಅಂಗಾಂಗ ದಾನ ಮಾಡ್ರಿ ಅಂತ ಹೇಳ್ತಾನೇ ಹೋದ್ರು. ಸಮಾಜಸೇವೆ ಮಾಡೋ ಆಟಗಾರರಿಗೆ ಲೀಗ್ ವರ್ಷಾ ವರ್ಷಾ ಕೊಡೋ ಪ್ರಶಸ್ತಿಗೆ ಈಗ ಅವರದ್ದೇ ಹೆಸರು. ನಾನು ಮತ್ತು ನಮ್ಮ ಅತ್ತೆ ಇಬ್ಬರೂ ನಮ್ಮ ರಾಜ್ಯದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದೀವಿ.

ಇನ್ನೊಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತೆ. 1985ರ ಸೀಸನ್ನಲ್ಲಿ ಬೇರ್ಸ್ 15 ಗೆದ್ದು ಒಂದು ಸೋತು ಸೂಪರ್ ಬೌಲ್‌ಗೆ, ಅಂದ್ರೆ ಲೀಗಿನ ಫೈನಲ್‌ಗೆ ಹೋದ್ರು, 1986ರ ಜನವರಿ 26ಕ್ಕೆ ಪೇಟ್ರಿಯಾಟ್ಸ್‌ನ 46-10ಕ್ಕೆ ಸೋಲಿಸಿದ್ರು. ಅಷ್ಟು ಪಾಯಿಂಟಲ್ಲಿ ಪೇಟನ್‌ಗೆ ಒಂದೂ ಟಚ್‌ಡೌನ್, ಅಂದ್ರೆ ಚೆಂಡನ್ನ ಎದುರಿನವರ ಕೊನೆ ಗೆರೆ ದಾಟಿಸಿ ಪಾಯಿಂಟ್ ತಗೊಳ್ಳೋ ಅವಕಾಶ, ಕೊಡ್ಲಿಲ್ಲ. ದಪ್ಪ ಆಳು ವಿಲಿಯಂ ಪೆರಿ ಕೈಗೆ ಚೆಂಡು ಕೊಟ್ಟು ಹಾಕಿಸಿದ್ರು. ಕೋಚ್ ಮೈಕ್ ಡಿಟ್ಕಾ ಆಮೇಲೆ ಅದಕ್ಕೆ ತುಂಬಾ ಪಶ್ಚಾತ್ತಾಪ ಪಟ್ಟಿದಾರೆ. ಈ ಕಥೆ ಹೇಳ್ದಾಗ ಹೊಲಿಯೋ ಅಕ್ಕ ಮಷಿನ್ ನಿಲ್ಸಿ, "ಹತ್ತು ವರ್ಷ ದುಡಿದೋನಿಗೆ ಒಂದು ಕೊಡ್ಬಾರ್ದಿತ್ತಾ" ಅಂದ್ಲು.

ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ತಡ ಮಾಡಿದ್ದಕ್ಕೆ ಒಂದು ಕಟ್. ಒಗೆಯೋವಾಗ ಒಳಮಗ್ಗಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೀರಿ, ಬ್ರಷ್ ಹಾಕ್ಬೇಡ್ರಿ, ನನ್ನದು ಎಂಟು ಸಲ ಒಗೆದ್ರೂ ಒಂದು ಎಳೆ ಎದ್ದಿಲ್ಲ. ದುಂಡಗಿನ 3, 4ರ ಅಚ್ಚನ್ನ ಭಾಯ್ ಗೋಡೆ ಮೊಳೆಗೆ ನೇತು ಹಾಕಿ ಇಟ್ಟಿದಾರೆ. ಮಾವನ ಮಗನಿಗೆ 36 ಸೈಜಿಂದು ಇನ್ನೊಂದು ಹೇಳಿ ಬಂದಿದೀನಿ, ಶುಕ್ರವಾರ ಕೊಡ್ತಾರಂತೆ.